ವಾಲಿಸಿ ಕಿಕ್ ಹೊಡೆಯುವವರ ಮನೆ

ನಮ್ಮ ಮನೆಯಲ್ಲಿ ಯಾವ ಸಾಮಾನೂ ಪೂರ್ತಿ ಸಾಯುವುದಿಲ್ಲ. ಪೂರ್ತಿ ಬದುಕಿಯೂ ಇರುವುದಿಲ್ಲ. ಎರಡರ ನಡುವೆ ಎಲ್ಲೋ ಉಸಿರು ಹಿಡಿದುಕೊಂಡು ಕೂತಿರುತ್ತವೆ. ಹಂಗಾಗಿ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಸಂಜೆ ಹೊತ್ತು ನಾನು ಜಗಲಿಗೆ ಬಂದು ಕೂತರೆ ಸಾಕು, ಬೀದಿಯವರು "ಈ ವಾರ ಏನಾಯ್ತು ಲೈನ್‌ಮನ್ನೋರೇ?" ಅಂತ ಕೇಳಿಕೊಂಡೇ ಬರುತ್ತಾರೆ.

ನಾನು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವನು. ತರೀಕೆರೆ, ಕಡೂರು, ಅಜ್ಜಂಪುರ, ಈ ಮೂರು ಕಡೆ ನಾನು ಹತ್ತದ ಕಂಬ ಕಡಿಮೆ. ಕೆಟ್ಟಿದ್ದನ್ನು ಸರಿ ಮಾಡೋದನ್ನು ಕೆಲಸ ಕಲಿಸಿತು, ಎಸೆಯೋದನ್ನು ಯಾರೂ ಕಲಿಸಲಿಲ್ಲ. ಈಗ ತರೀಕೆರೆಯ ಸ್ವಂತ ಮನೆಯಲ್ಲಿ ನಾನು, ನನ್ನ ಹೆಂಡತಿ, ಒಬ್ಬಳೇ ಮಗಳು. ಮಗಳು ಕಡೂರಿನಲ್ಲಿ ಸರ್ವೇಯರ್. ಬೆಳಿಗ್ಗೆ ರೈಲು ಹತ್ತಿ ಹೋಗಿ ಊರವರ ಜಮೀನೆಲ್ಲ ಅಳೆಯುತ್ತಾಳೆ, ಸಂಜೆ ಬಂದು ನಮ್ಮ ಮನೆ ಅಳೆಯುತ್ತಾಳೆ.

"ಅಪ್ಪಾ, ನಿನ್ನ ಸಾಮಾನು ನಡುಮನೇಲಿ ಮುಕ್ಕಾಲು ಭಾಗ ಒತ್ತುವರಿ ಮಾಡಿದೆ ಕಣಪ್ಪಾ. ನೋಟಿಸ್ ಕೊಡ್ಲಾ?"

ನಾನು ನಕ್ಕುಬಿಡುತ್ತಿದ್ದೆ. ಅದೇ ಸಾಮಾನು ಅವಳ ಮದುವೆಗೇ ಅಡ್ಡ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?

೧. ಶಬ್ದ ಮಾಡದ ಗಾಡಿ

ಮೊದಲು ಸ್ಕೂಟರಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯ ಹಿರಿಯ ಅದೇ. ಮಗಳಿಗಿಂತ ಅದಕ್ಕೆ ವಯಸ್ಸು ಜಾಸ್ತಿ. ಅದರ ಬಣ್ಣ ಯಾವುದು ಅಂತ ಈಗ ಆರ್‌ಸಿ ಪುಸ್ತಕ ನೋಡಿಯೇ ಹೇಳಬೇಕು.

ಬೆಳಿಗ್ಗೆ ಅದನ್ನು ಒಂದು ಪಕ್ಕಕ್ಕೆ ಚೆನ್ನಾಗಿ ವಾಲಿಸಿ, ಸ್ವಲ್ಪ ಹೊತ್ತು ಹಂಗೇ ಹಿಡಿದು, ಎಬ್ಬಿಸಿ ನಿಲ್ಲಿಸಿ ಆಮೇಲೆ ಕಿಕ್ ಹೊಡೆಯಬೇಕು. ಹೊಟ್ಟೆಯಲ್ಲಿರೋ ಪೆಟ್ರೋಲು ಗಂಟಲಿಗೆ ಬರೋದು ಹಾಗೆ. ಹತ್ತನೇ ಕಿಕ್ಕಿಗೆ ಕೆಮ್ಮುತ್ತೆ, ಹದಿನೈದಕ್ಕೆ ಹೊಗೆ ಬಿಡುತ್ತೆ, ಇಪ್ಪತ್ತಕ್ಕೆ ಹೊರಡುತ್ತೆ. ಹಿಂದೆ ಕೂರುವ ನನ್ನ ಹೆಂಡತಿ, ಎಲ್ಲಾದರೂ ಗಾಡಿ ನಿಂತರೆ, ಏನೂ ಕೇಳದೆ ಕೆಳಗಿಳಿದು, ಸೆರಗು ಸಿಕ್ಕಿಸಿಕೊಂಡು, ಆ ಪಕ್ಕ ಹಿಡಿದು ನಿಲ್ಲುತ್ತಾಳೆ. ನಮ್ಮ ಸಂಸಾರದಲ್ಲಿ ಮಾತಿಲ್ಲದೆ ಒಮ್ಮತಕ್ಕೆ ಬರುವ ವಿಷಯ ಇದೊಂದೇ.

ಹೋದ ವರ್ಷ ನನ್ನ ಬಾಮೈದ ಹೊಸ ಕರೆಂಟ್ ಸ್ಕೂಟರ್ ತಗೊಂಡು ಬಂದ.

"ಭಾವ, ಒಂದು ರೌಂಡ್ ಹೋಗಿ ಬನ್ನಿ. ಆಮೇಲೆ ನಿಮ್ಮ ಆ ತಗಡು ಮುಟ್ಟಿದ್ರೆ ಕೇಳಿ" ಅಂತ ಕೀಲಿ ಕೊಟ್ಟ.

ನಾನು ಕೀಲಿ ತಿರುಗಿಸಿದೆ. ಶಬ್ದ ಇಲ್ಲ. ಇನ್ನೊಂದು ಸಲ ತಿರುಗಿಸಿದೆ. ಇಲ್ಲ. ಅಷ್ಟು ವರ್ಷ ಕರೆಂಟಿನ ಜತೆಗೇ ಬದುಕಿದವನು ನಾನು, ಇದು ಕರೆಂಟ್ ಗಾಡಿ ಅಂತ ತಲೆಗೆ ಗೊತ್ತು. ಆದರೆ ಕೈಗೆ ಗೊತ್ತಿರಬೇಕಲ್ಲ? ಕೈ ತನ್ನ ಪಾಡಿಗೆ ತಾನು ಗಾಡಿಯನ್ನು ಪಕ್ಕಕ್ಕೆ ವಾಲಿಸಿತು. ವಾಲಿಸುವಾಗ ಬಲಗೈಯಲ್ಲಿದ್ದ ಹ್ಯಾಂಡಲ್ ತಿರುಗಿತು. ಗಾಡಿ ಉಸಿರೆತ್ತದೆ ಹಾರಿತು ನೋಡಿ! ನನ್ನನ್ನು ನಡುವೆ ಇಟ್ಟುಕೊಂಡು ಒಂದು ಸುತ್ತು ಪ್ರದಕ್ಷಿಣೆ ಹಾಕಿ, ಎದುರು ಮನೆಯವರು ಕಟ್ಟಡಕ್ಕೆ ಅಂತ ತರಿಸಿದ್ದ ಮರಳಿನ ರಾಶಿಗೆ ನುಗ್ಗಿತು. ನಾನೂ ನುಗ್ಗಿದೆ.

ಬಾಮೈದ "ಅಯ್ಯೋ ಗಾಡಿ! ಗಾಡಿ!" ಅಂತ ಓಡಿ ಬಂದ. ಭಾವ ಅನ್ನಲಿಲ್ಲ, ಗಮನಿಸಿ. ನನ್ನ ಹೆಂಡತಿ ಬಾಗಿಲಿಗೆ ಬಂದು, ಮರಳಲ್ಲಿ ಕೂತ ನನ್ನನ್ನೂ ಗಾಡಿಯನ್ನೂ ಒಂದು ಸಲ ನೋಡಿ ಅಂದಳು:

"ಪರವಾಗಿಲ್ವಲ್ರೀ, ವಾಲಿಸಿದ ತಕ್ಷಣ ಸ್ಟಾರ್ಟ್ ಆಗ್ಬಿಡ್ತು!"

೨. ತಣ್ಣಗಿರುವ ಪಹಣಿ

ನಮ್ಮ ಫ್ರಿಜ್ಜು ಸತ್ತು ಹತ್ತು ಹನ್ನೆರಡು ವರ್ಷ ಆಗಿರಬಹುದು. ಸತ್ತಿದ್ದು ಅದರ ಮೋಟ್ರು ಮಾತ್ರ. ಬಾಗಿಲು ಗಟ್ಟಿ, ಬೀಗ ಗಟ್ಟಿ, ಸುತ್ತ ರಬ್ಬರು ಗಟ್ಟಿ. ಇಲಿ ಹೋಗಲ್ಲ, ಜಿರಲೆ ಹೋಗಲ್ಲ, ಮಳೆಗಾಲದಲ್ಲಿ ತೇವ ಹೋಗಲ್ಲ. ಇಂಥ ಬೀರು ಯಾವ ಬಡಗಿ ಮಾಡಿಕೊಡ್ತಾನೆ ಹೇಳಿ? ಕೆಳಗಿನ ತರಕಾರಿ ಡಬ್ಬದಲ್ಲಿ ಮನೆಯ ಖಾತೆ, ಹೊಲದ ಪಹಣಿ, ಕಂದಾಯದ ರಸೀದಿಗಳು. ನಡುವಿನ ತಟ್ಟೆಗಳಲ್ಲಿ ಹೆಂಡತಿಯ ರೇಷ್ಮೆ ಸೀರೆಗಳು. ಮೇಲೆ ಐಸಿನ ಗೂಡಿನಲ್ಲಿ ನನ್ನ ಪೆನ್ಷನ್ ಕಾಗದ. ನಮ್ಮದು ಮೊಟ್ಟೆ ತಿನ್ನದ ಮನೆ, ಬಾಗಿಲಿನ ಮೊಟ್ಟೆ ಗುಳಿಗಳು ಸುಮ್ಮನೆ ಖಾಲಿ ಯಾಕಿರಬೇಕು ಅಂತ ಅವುಗಳಲ್ಲಿ ಸಾಲಾಗಿ ನುಸಿಗುಳಿಗೆ.

ಮಗಳಿಗೆ ಬಂದ ಮೊದಲನೇ ಸಂಬಂಧ ದೇವನೂರು ಕಡೆಯದು. ಸಂಬಂಧ ತಂದವರು ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು. ಬಂದವರು ಒಳ್ಳೇ ಜನ, ಬೇಸಿಗೆ ಬಿಸಿಲಲ್ಲಿ ಬೆವತು ಬಂದಿದ್ದರು. ಹುಡುಗನ ಸೋದರಮಾವ ಕೂತವರೇ, "ಒಂಚೂರು ತಣ್ಣಗಿರೋ ನೀರು ಕೊಡ್ರಮ್ಮಾ" ಅಂದರು.

ಹೆಂಡತಿ ಅಡುಗೆಮನೆಯಿಂದ "ತಂದೇ" ಅಂತ ಕೂಗಿದಳು. ಅವರೋ ಬಲೇ ಉಪಕಾರಿ ಮನುಷ್ಯ. "ನೀವ್ಯಾಕೆ ಓಡಾಡ್ತೀರಾ, ಇಲ್ಲೇ ಐತಲ್ಲಾ, ನಾನೇ ತಗೋತೀನಿ" ಅಂತ ಎದ್ದು ಫ್ರಿಜ್ಜಿನ ಬಾಗಿಲು ಎಳೆದೇ ಬಿಟ್ಟರು.

ಮೊದಲು ನುಸಿಗುಳಿಗೆ ವಾಸನೆ ಬಂತು. ಆಮೇಲೆ ಮಡಿಸಿಟ್ಟಿದ್ದ ಹಸಿರು ರೇಷ್ಮೆ ಸೀರೆ ಜಾರಿ ಅವರ ಪಾದದ ಮೇಲೆ ಬಿತ್ತು. ಅವರು ಬಗ್ಗಿ ತರಕಾರಿ ಡಬ್ಬ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಏನ್ರೀ ಇದು?"

ಅಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. "ಪಹಣಿ ತಣ್ಣಗಿದ್ರೆ ತಂಟೆ ತಕರಾರು ಬರಲ್ಲ ಅಂತ" ಅಂದೆ. ಯಾರೂ ನಗಲಿಲ್ಲ. ಅಡುಗೆಮನೆಯಲ್ಲಿ ಮಗಳು ಮಾತ್ರ ಕಿಸಕ್ಕೆಂದಳು, ಅದೂ ಅವರಿಗೆ ಕೇಳಿಸಿತು.

ನಾಲ್ಕು ದಿನ ಬಿಟ್ಟು ಮೇಷ್ಟ್ರು ಬಂದರು. ಮುಖ ಸಪ್ಪಗಿತ್ತು.

"ಹುಡುಗಿ ಲಕ್ಷಣವಾಗವ್ಳೆ, ಕೆಲಸ ಐತೆ, ಎಲ್ಲಾ ಒಪ್ಪಿಗೆ ಅಂತೆ. ಆದ್ರೆ ಆ ಸೋದರಮಾವ ಒಂದು ಮಾತು ಕೇಳ್ತವ್ರೆ. ಸೀರೆ ಫ್ರಿಜ್ಜಲ್ಲಿ ಇಡೋರು, ಮೊಸರು ಬೀರುವಲ್ಲಿ ಇಡ್ತಾರಾ ಅಂತ."

೩. ಒಂದು ಜಾಸ್ತಿ ಹೊಡೆಯೋ ಗಡಿಯಾರ

ಎರಡನೇ ಸಂಬಂಧ ಲಿಂಗದಹಳ್ಳಿ ಕಡೆಯದು. ಈ ಸಲ ನನ್ನ ಹೆಂಡತಿ ಹುಷಾರಾಗಿದ್ದಳು. ಫ್ರಿಜ್ಜಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಗೋಡೆ ಗಡಿಯಾರ ಮಾತ್ರ ಅವಳ ನೆನಪಿಗೆ ಬರಲಿಲ್ಲ.

ನಮ್ಮ ಗಡಿಯಾರ ಕೀಲಿ ಕೊಡೋ ಗಡಿಯಾರ. ಮುಳ್ಳುಗಳು ಸರಿಯಾಗಿ ನಡೆಯುತ್ತವೆ, ಗಂಟೆ ಮಾತ್ರ ಒಂದು ಜಾಸ್ತಿ ಹೊಡೆಯುತ್ತೆ. ಮೂರಕ್ಕೆ ನಾಲ್ಕು, ಹನ್ನೆರಡಕ್ಕೆ ಹದಿಮೂರು. ನಮಗೆ ಒಂದು ಬಿಟ್ಟು ಎಣಿಸಿ ಅಭ್ಯಾಸ. ನನ್ನ ಮಗಳು ಒಂದನೇ ಕ್ಲಾಸಿಗೆ ಸೇರುವ ಮೊದಲೇ ಕಳೆಯುವ ಲೆಕ್ಕ ಕಲಿತಿದ್ದು ಇದರಿಂದಲೇ.

ಆ ಮನೆಯಲ್ಲಿ ಹುಡುಗನ ಅಜ್ಜಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ ಅಂತ ಮೇಷ್ಟ್ರು ಮೊದಲೇ ಹೇಳಿದ್ದರು. ಅಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ಭಾನುವಾರ ಮಧ್ಯಾಹ್ನ ಮೂರೂವರೆಗೆ ಬಂದರು. ಕೂತ ಕೂಡಲೇ ಅಜ್ಜಿ, "ನಾಲ್ಕೂವರೆಗೆ ರಾಹುಕಾಲ ಹತ್ತುತ್ತೆ. ಅಷ್ಟರೊಳಗೆ ಹುಡುಗೀನ ನೋಡಿ ಮಾತು ಮುಗಿಸ್ಬೇಕು" ಅಂದರು.

ಅದೂ ಇದೂ ಮಾತಾಡುವಷ್ಟರಲ್ಲಿ ನಾಲ್ಕಾಯಿತು. ಮಗಳು ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಹೊಸಿಲು ದಾಟಿದಳು. ಗಡಿಯಾರ ಢಣ್ ಅಂತ ಶುರು ಮಾಡಿತು. ಅಜ್ಜಿ ಬೆರಳು ಮಡಿಸಿ ಎಣಿಸುತ್ತಾ ಕೂತರು. ಐದನೇ ಬೆರಳು ಮಡಿಸಿದವರೇ ಎದ್ದು ನಿಂತರು.

"ಅಯ್ಯಯ್ಯಪ್ಪಾ, ಐದಾಯ್ತು! ಅರ್ಧ ಗಂಟೆಯಿಂದ ರಾಹುಕಾಲದಲ್ಲಿ ಕೂತಿದೀವಲ್ರೋ! ಏಳ್ರೋ!"

ಹುಡುಗ ಫೋನು ತೆಗೆದು, "ಅಜ್ಜಿ, ಈಗ ನಾಲ್ಕು ಅಷ್ಟೇ ಕಣಜ್ಜಿ" ಅಂದ.

"ನಿನ್ನ ಫೋನು ಟವರ್ ಸಿಕ್ರೆ ಒಂದು ಹೇಳುತ್ತೆ, ಸಿಗದಿದ್ರೆ ಒಂದು ಹೇಳುತ್ತೆ. ಗೋಡೆ ಗಡಿಯಾರ ಯಾವತ್ತಾದ್ರೂ ಸುಳ್ಳು ಹೇಳುತ್ತೇನಲಾ?"

ನಾನು ಕೈ ಮುಗಿದು, "ತಾಯೀ, ನಮ್ಮ ಗಡಿಯಾರ ಒಂದು ಜಾಸ್ತಿ ಹೊಡೆಯುತ್ತೆ. ನಾವು ಒಂದು ಬಿಟ್ಟು ಎಣಿಸ್ತೀವಿ" ಅಂದೆ. ಅಜ್ಜಿ ನನ್ನ ದನಿ ಬಂದ ಕಡೆ ತಿರುಗಿ, "ದೇವರು ಕೊಟ್ಟ ಹೊತ್ತಲ್ಲೇ ಒಂದು ಬಿಟ್ಟು ಎಣಿಸೋರು, ಇನ್ನು ಮಾತಲ್ಲಿ ಎಷ್ಟು ಬಿಡ್ತೀರೋ" ಅಂದರು. ಮೇಷ್ಟ್ರು ಸಮಾಧಾನ ಮಾಡಿದರು, ಹುಡುಗ ಬೇಡಿಕೊಂಡ, ಅಜ್ಜಿ ಜಗ್ಗಲಿಲ್ಲ. ಈ ವಾದ ನಡೆದಿದ್ದು ಸರಿಯಾಗಿ ಅರ್ಧ ಗಂಟೆ. ಅವರು ವ್ಯಾನು ಹತ್ತಿದಾಗ ನಿಜವಾದ ನಾಲ್ಕೂವರೆ. ಊರು ದಾಟುವ ಮೊದಲೇ ವ್ಯಾನು ಪಂಕ್ಚರ್ ಆಯ್ತಂತೆ. "ನಾನು ಹೇಳಲಿಲ್ವಾ?" ಅಂದರಂತೆ ಅಜ್ಜಿ.

ಎಲ್ಲರೂ ಅಜ್ಜಿಯನ್ನು ಬೈದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ನಮ್ಮ ಗಡಿಯಾರವನ್ನು ಪೂರ್ತಿ ನಂಬಿದವರು ಈ ಭೂಮಿ ಮೇಲೆ ಅವರೊಬ್ಬರೇ, ಅಂಥವರ ಸಂಬಂಧವೇ ಕೈತಪ್ಪಿ ಹೋಯ್ತಲ್ಲಾ!

೪. ಹೊಂದಿಕೊಂಡಿರೋ ಮಿಕ್ಸಿ

ಇದಾದ ಮೇಲೆ ಮಗಳು ನಗೋದು ಕಮ್ಮಿ ಮಾಡಿದಳು. ಒಂದು ಸಂಜೆ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತಳು.

"ಅಪ್ಪಾ, ಅಜ್ಜಂಪುರದ ಕಡೆ ಒಂದು ದನದ ಆಸ್ಪತ್ರೆ ಜಾಗ ಅಳೆಯೋಕೆ ಹೋಗಿದ್ದೆ. ಅಲ್ಲೊಬ್ರು ವೆಟರ್ನರಿ ಇನ್‌ಸ್ಪೆಕ್ಟರ್ ಇದಾರೆ. ಟೇಪಿನ ಆ ತುದಿ ಹಿಡ್ಕೊಂಡಿದ್ದು ಅವರೇ."

"ಎಷ್ಟೊತ್ತು ಹಿಡಿದಿದ್ದ?"

"ಅಳತೆ ಮುಗಿದ ಮೇಲೂ ಬಿಡಲಿಲ್ಲ" ಅಂತ ಹೇಳಿ ಮುಖ ಆ ಕಡೆ ತಿರುಗಿಸಿಕೊಂಡಳು. ಆಮೇಲೆ ದನಿ ಇಳಿಸಿ ಅಂದಳು: "ಅವರ ಮನೆಯವರು ಮುಂದಿನ ಭಾನುವಾರ ನೋಡೋಕೆ ಬರ್ತಾರಂತೆ. ನಂಗೆ ಅವರು ಇಷ್ಟ ಅಪ್ಪಾ. ಇದೂ ನಿನ್ನ ಸಾಮಾನಿಂದ ತಪ್ಪಿಹೋದ್ರೆ ನಾನು ಇನ್ನೊಬ್ಬರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿಯಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಾಚಿಕೆಯಾಯ್ತು. "ಆಯ್ತು ಬಿಡು ಮಗಾ, ಎಲ್ಲಾ ತೆಗೀತೀನಿ" ಅಂದೆ. ಒಳಗಿಂದ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ತಕ್ಷಣ ಹೊರಗೆ ಬಂದಳು.

"ನಾಳೇನೇ ಗುಜರಿಯವನ್ನ ಕರೀರಿ. ಹಳೇದು ಅಂತ ಒಂದು ಮೊಳೆ ಕೂಡ ಈ ಮನೇಲಿ ಇರಕೂಡದು."

"ನಿನ್ನ ಮಿಕ್ಸಿನೂನಾ?"

"ಅದು ಹಳೇದಲ್ಲ ಕಣ್ರೀ" ಅಂದಳು. "ಅದು ಕೈಗೆ ಹೊಂದಿಕೊಂಡಿರೋದು."

ಆ ಮಿಕ್ಸಿಯ ಚರಿತ್ರೆ ನಿಮಗೆ ಗೊತ್ತಿಲ್ಲ. ಅದು ಅವಳ ತವರಿನವರು ಕೊಟ್ಟಿದ್ದು. ಮುಟ್ಟಿದರೆ ಸಣ್ಣಗೆ ಶಾಕ್ ಹೊಡೆಯುತ್ತೆ. ಎಸೆಯೇ ಅಂತ ಎಷ್ಟು ಸಲ ಹೇಳಿದರೂ ಕೇಳದೆ, ಒಂದು ಮರದ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ರುಬ್ಬುತ್ತಾಳೆ. ಹಂಗೂ ಚುರುಗುಟ್ಟುತ್ತೆ ಅಂತ ನನ್ನ ಕೆಲಸದ ಕಾಲದ ರಬ್ಬರ್ ಗ್ಲೌಸು ಬೇರೆ, ಮೊಣಕೈವರೆಗೆ ಬರೋವು. ಊರಿಗೆಲ್ಲಾ ಕರೆಂಟು ಎಳೆದವನ ಮನೆಯಲ್ಲಿ ಇದು ನಿತ್ಯದ ವೇಷ.

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳೋಕೆ ಅಂತ ಬಂದು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ಇದು, ಯಜಮಾನ್ರ ಬದ್ಲು ನೀವೇ ಕಂಬ ಹತ್ತೋಕೆ ಹೊರಟಿದೀರಾ?"

ನನ್ನ ಹೆಂಡತಿ ಮಣೆ ಮೇಲಿಂದ ಇಳಿಯದೆ ಅಂದಳು: "ಇಲ್ಲ ಕಣ್ರೀ. ಇಡ್ಲಿಗೆ ಚಟ್ನಿ."

೫. ಎರಡು ಏಟಿನ ರೇಡಿಯೋ

ಸರಿ, ಭಾನುವಾರಕ್ಕೆ ತಯಾರಿ ನಡೆಯಿತು. ಸ್ಕೂಟರನ್ನು ತಳ್ಳಿಕೊಂಡು ಹೋಗಿ ಪಕ್ಕದ ಮನೆಯ ಹಿತ್ತಲಿನಲ್ಲಿ ಗೋಣಿಚೀಲ ಮುಚ್ಚಿದೆ. ಬಾಗಿಲಿಗೆ ಹೊಸ ಕಾಲಿಂಗ್ ಬೆಲ್ ಹಾಕಿದೆ. ಗುಜರಿಯವನಿಗೆ ಸುಟ್ಟುಹೋದ ಇಸ್ತ್ರಿಪೆಟ್ಟಿಗೆ, ರೆಕ್ಕೆ ಮುರಿದ ಎರಡು ಫ್ಯಾನು ಎತ್ತಿಕೊಟ್ಟೆ. ಮಿಕ್ಸಿಯ ಮಾತನ್ನು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಫ್ರಿಜ್ಜಿನದೇ ತಲೆನೋವು. ಅದನ್ನು ಮನೆಗೆ ತಂದ ಮೇಲೆ ನಾವು ಬಾಗಿಲು ಬದಲಾಯಿಸಿ ಚಿಕ್ಕದು ಮಾಡಿಸಿದ್ದು. ಗೋಡೆ ಒಡೆಯದೆ ಅದು ಆಚೆ ಹೋಗಲ್ಲ. ಹೆಂಡತಿ ಸೀರೆ, ಕಾಗದಪತ್ರಗಳನ್ನೆಲ್ಲ ಟ್ರಂಕಿಗೆ ಹಾಕಿ, ಖಾಲಿ ಫ್ರಿಜ್ಜಿನ ಕೀಲಿ ನನ್ನ ಕೈಗೆ ಕೊಟ್ಟಳು. ಮೇಲಿಂದ ಕೆಳಗಿನವರೆಗೆ ಜರಿ ಸೀರೆ ಹೊದಿಸಿ, ನೆತ್ತಿ ಮೇಲೆ ಪಕ್ಕದ ಮನೆಯಿಂದ ತಂದ ಅಂತರಘಟ್ಟಮ್ಮನ ದೊಡ್ಡ ಪಟ ಇಟ್ಟು, ಹೂವಿನ ಹಾರ ಹಾಕಿ, ದೀಪ ಹಚ್ಚಿದಳು. ಹುಡುಗನ ಮನೆ ಅಂತರಘಟ್ಟೆ ಹತ್ತಿರ ಅಂತ ಅವಳಿಗೆ ಗೊತ್ತಿತ್ತು. ನೋಡಿದರೆ ಫ್ರಿಜ್ಜು ಅಂತ ಅದನ್ನು ಮಾಡಿದವನೂ ಹೇಳುತ್ತಿರಲಿಲ್ಲ. ನಾನು ಮಾತ್ರ "ತಪ್ಪಾಯ್ತು ತಾಯಿ" ಅಂತ ಮನಸ್ಸಲ್ಲೇ ಕೈ ಮುಗಿದೆ.

ಕೈ ಮುಗಿಯೋಕೆ ಇನ್ನೊಂದು ಕಾರಣವೂ ಇತ್ತು. ಗಡಿಯಾರ, ರೇಡಿಯೋ ಎರಡೂ ಗುಜರಿಗೆ ಹೋದವು ಅಂತ ಹೆಂಡತಿ ತಿಳಿದಿದ್ದ ಹೊತ್ತಿನಲ್ಲಿ ಅವೆರಡೂ ಆ ಫ್ರಿಜ್ಜಿನ ಒಳಗೇ ಇದ್ದವು.

ರೇಡಿಯೋ ನಾನು ಮೊದಲನೇ ಸಂಬಳದಲ್ಲಿ ತಗೊಂಡಿದ್ದು. ಲೈನು ರಿಪೇರಿಗೆ ಅಂತ ಒಬ್ಬನೇ ಹೊಲ ಗದ್ದೆ ಅಲೆಯುವಾಗ ಹೆಗಲಲ್ಲಿ ಜೊತೆಗಿದ್ದದ್ದು ಅದೊಂದೇ. ಅದನ್ನು ತೂಕಕ್ಕೆ ಹಾಕು ಅಂದರೆ ನನ್ನ ಕೈ ಬರುತ್ತಾ? ಅದರ ಆನ್ ಆಫ್ ಗುಂಡಿ ಉದುರಿ ಎಷ್ಟೋ ಕಾಲ ಆಗಿದೆ. ಎರಡು ಏಟು ಕೊಟ್ಟರೆ ಶುರು, ಒಂದು ಏಟು ಕೊಟ್ಟರೆ ಬಂದ್. ಸೆಲ್ಲು ತೆಗೆದಿಡಬೇಕಿತ್ತು. ತೆಗೆದರೆ ಮತ್ತೆ ಸರಿಯಾಗಿ ಕೂರಲ್ಲ ಅಂತ ಬಿಟ್ಟೆ. ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡೆ.

ಭಾನುವಾರ ಬಂದರು. ಹುಡುಗ, ಅವನ ಅಪ್ಪ, ಅಮ್ಮ, ಜೊತೆಗೆ ನಮ್ಮ ಮೇಷ್ಟ್ರು. ಹುಡುಗನ ಅಪ್ಪ ಬಸ್ ಡ್ರೈವರ್ ಆಗಿದ್ದು ರಿಟೈರ್ ಆದವರು. ಹೊಸ ಬೆಲ್ ಒತ್ತಿದರು, ಒಂದೇ ಸಲಕ್ಕೆ ಹೊಡೆದುಕೊಂಡಿತು. ಆದರೂ ಅವರು ಅದರ ನೆತ್ತಿಗೆ ಒಂದು ಪೆಟ್ಟು ಕೊಟ್ಟರು. ನಾನು ನೋಡಿದೆ, ಆಗ ಅರ್ಥವಾಗಲಿಲ್ಲ.

ಹುಡುಗನ ಅಮ್ಮ ಮಾತು ಕಮ್ಮಿ, ನೋಟ ಜಾಸ್ತಿ. ಮನೆಯ ಮೂಲೆ ಮೂಲೆ ನೋಡಿದರು. ಎಲ್ಲಾ ಹೊಸದಾಗಿ ಖಾಲಿಯಾಗಿತ್ತು. ಆಮೇಲೆ ಅವರ ಕಣ್ಣು ಪಟದ ಮೇಲೆ ಬಿತ್ತು.

"ಓ, ನಮ್ಮಮ್ಮ!" ಅಂದರು. ಮೊದಲನೇ ಸಲ ಮುಖ ಅರಳಿತು.

ನೇರ ಎದ್ದು ಹೋದರು. ಪಟ ಎತ್ತರದಲ್ಲಿತ್ತು, ತಲೆ ತಾಗಿಸೋಕೆ ಸಿಗಲಿಲ್ಲ. ಅದಕ್ಕೆ ಕೆಳಗಿನ ಜರಿ ಸೀರೆಗೇ ಹಣೆ ಹಚ್ಚಿ ನಮಸ್ಕಾರ ಮಾಡಿದರು. ಭಕ್ತಿ ಜಾಸ್ತಿ ಇರಬೇಕು, ಕೊಂಚ ಜೋರಾಗಿಯೇ ತಗುಲಿತು.

ಟಪ್.

ನಾನು ಕುರ್ಚಿ ತುದಿಗೆ ಬಂದೆ. ಒಂದೇ ಸಾಕು ತಾಯಿ, ಒಂದೇ ಸಾಕು.

ಟಪ್.

ಫ್ರಿಜ್ಜಿನೊಳಗಿಂದ "ಗೊರ್‌ರ್‌ರ್" ಅಂತ ದನಿ ಎದ್ದಿತು. ತಗಡಿನ ಪೆಟ್ಟಿಗೆಯೊಳಗೆ ಸ್ಟೇಷನ್ ಹಿಡಿಯದೆ ರೇಡಿಯೋ ಗೊರಗೊರ ಅನ್ನುತ್ತಿತ್ತು, ನಡುನಡುವೆ ಯಾರೋ ಕೆಮ್ಮಿದ ಹಾಗೆ. ಆಯಮ್ಮ ಎರಡು ಹೆಜ್ಜೆ ಹಿಂದೆ ಸರಿದು ಕೈ ಜೋಡಿಸಿ "ತಾಯೀ!" ಅಂತ ನಿಂತುಬಿಟ್ಟರು. ಇನ್ನೊಂದೇ ಒಂದು ಸಲ ಹಣೆ ಹಚ್ಚಮ್ಮಾ, ಬಂದ್ ಆಗುತ್ತೆ ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಅವರು ಹಚ್ಚಲಿಲ್ಲ.

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಗ್ಲೌಸು ಹಾಕಿಕೊಂಡಿದ್ದರೂ ಶಾಕ್ ಹೊಡೆಯುತ್ತಿತ್ತು. ಆದರೂ ಬಂದವರ ಮುಂದೆ ನಗುಮುಖ ಮಾಡಿ, "ಏನಿಲ್ಲ, ಫ್ರಿಜ್ಜು... ಮೋಟ್ರು ಶಬ್ದ" ಅಂದಳು.

ಹುಡುಗನ ಅಪ್ಪ ಕಾಫಿ ಲೋಟ ಕೆಳಗಿಟ್ಟು, ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಇದು ಮೋಟ್ರಲ್ಲಮ್ಮಾ. ರೇಡಿಯೋ. ಮೀಡಿಯಂ ವೇವು. ಮುಳ್ಳು ಒಂಚೂರು ಎಡಕ್ಕೆ ತಿರುಗ್ಬೇಕು."

ಇನ್ನು ಮುಚ್ಚಿಟ್ಟು ಏನು ಮಾಡೋದು? ಪಟಕ್ಕೆ ಕೈ ಮುಗಿದು ಜೋಪಾನವಾಗಿ ಇಳಿಸಿ, ಸೀರೆ ಸರಿಸಿ, ಜೇಬಿನಿಂದ ಕೀಲಿ ತೆಗೆದು ಬಾಗಿಲು ತೆರೆದೆ. ತಟ್ಟೆಯ ಮೇಲೆ ರೇಡಿಯೋ, ಪಕ್ಕದಲ್ಲಿ ಗಡಿಯಾರ, ಮೊಟ್ಟೆ ಗುಳಿಗಳಲ್ಲಿ ನುಸಿಗುಳಿಗೆ. ಅಡುಗೆಮನೆ ಬಾಗಿಲಲ್ಲಿ ಮಗಳು ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖ ನೋಡೋಕೆ ನನಗೆ ಧೈರ್ಯ ಬರಲಿಲ್ಲ. ಮುಗೀತು, ಮಗಳ ಬಾಳಿಗೆ ನಾನೇ ಮಣ್ಣು ಹಾಕಿದೆ ಅಂದುಕೊಂಡೆ.

ಹುಡುಗನ ಅಪ್ಪ ಎದ್ದು ಬಂದು ರೇಡಿಯೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು, ಬಾಣಂತಿ ಕೈಯಿಂದ ಮಗು ಎತ್ತಿಕೊಂಡ ಹಾಗೆ.

"ನಿಮ್ಮದಕ್ಕೆ ಏಟು ಎಲ್ಲಿ?" ಅಂತ ಕೇಳಿದರು.

"ಬಲಗಡೆ. ಎರಡು."

"ನಮ್ಮದಕ್ಕೆ ನೆತ್ತಿ ಮೇಲೆ, ಮೂರು. ಗಡಿಯಾರ?"

"ಒಂದು ಜಾಸ್ತಿ ಹೊಡೆಯುತ್ತೆ."

"ಹೌದಾ? ನಮ್ಮದು ಒಂದು ಕಮ್ಮಿ ಕಣ್ರೀ!" ಅಂದರು. ನಾವಿಬ್ಬರೂ ನೆಲದ ಮೇಲೆ ಕೂತೇಬಿಟ್ಟೆವು.

ಅಷ್ಟರಲ್ಲಿ ಹುಡುಗನ ಅಮ್ಮ ಗಟ್ಟಿ ದನಿಯಲ್ಲಿ ಅಂದರು: "ಈ ಸಂಬಂಧಕ್ಕೆ ನಂದೊಂದು ಮಾತಿದೆ."

ಮೇಷ್ಟ್ರು ಹೆದರಿಕೊಂಡೇ, "ಕೊಡೋ ತಗೊಳ್ಳೋ ಮಾತಾ ತಾಯಿ?" ಅಂದರು.

"ಹೂಂ, ಅದೇ. ಕೊಡೋರು ನಾವು, ತಗೊಳ್ಳೋರು ಅವರು." ಆಯಮ್ಮ ನನ್ನ ಹೆಂಡತಿಯ ಕಡೆ ತಿರುಗಿದರು. "ನೋಡ್ರಮ್ಮಾ, ಮುಂದಿನ ವಾರ ನೀವು ನಮ್ಮನೆ ನೋಡೋಕೆ ಬತ್ತೀರಾ ಅಂತ, ಇವರ ಸಾಮಾನನ್ನೆಲ್ಲಾ ಕೊಟ್ಟಿಗೇಲಿ ಹುಲ್ಲು ಮುಚ್ಚಿ ಬಂದಿದೀನಿ. ಎರಡು ರೇಡಿಯೋ, ಗಡಿಯಾರ, ಕೆಟ್ಟ ಫ್ರಿಜ್ಜು, ಒಂದು ವಾಲಿಸೋ ಸ್ಕೂಟ್ರು. ಹಸೂಗೆ ನಿಂತ್ಕೊಳ್ಳೋಕೆ ಜಾಗ ಇಲ್ಲ. ನನಗೂ ಸಾಕಾಗೋಗಿದೆ. ನಿಮ್ಮ ಹುಡುಗಿ ನಮ್ಮನೇಗೆ ಬರ್ಲಿ. ಇವರ ಸಾಮಾನು ನಿಮ್ಮನೇಗೆ ಬರ್ಲಿ. ಒಪ್ಪಿಗೆ ಇದ್ರೆ ಈಗಲೇ ಎಲೆ ಅಡಿಕೆ ಇಡಿ."

ನನ್ನ ಹೆಂಡತಿ ಬಾಯಿ ತೆರೆದಳು. ಅವಳು ಏನು ಹೇಳೋಳಿದ್ದಳೋ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ಅಡುಗೆಮನೆ ಬಾಗಿಲಿನಿಂದ ಮಗಳು, "ಒಪ್ಪಿಗೆ!" ಅಂತ ಕೂಗಿದಳು. ಕೂಗಿದ ರಭಸಕ್ಕೆ ಕೇಸರಿಬಾತು ನೆಲಕ್ಕೆ ಬಿತ್ತು. ಹುಡುಗ ಓಡಿಹೋಗಿ ತಟ್ಟೆಯ ಆ ತುದಿ ಹಿಡಿದುಕೊಂಡ. ಎಷ್ಟೊತ್ತಾದರೂ ಬಿಡಲಿಲ್ಲ.

ಮದುವೆ ಕಡೂರಿನಲ್ಲಿ ಚೆನ್ನಾಗಿ ಆಯ್ತು. ಆಗಿ ಒಂದು ವಾರಕ್ಕೆ ನಮ್ಮ ಮನೆ ಮುಂದೆ ಒಂದು ಲಗೇಜ್ ಗಾಡಿ ಬಂದು ನಿಂತಿತು. ಹಿಂದೆಯೇ ಬೀಗರು ಹೊಗೆ ಬಿಡುತ್ತಾ ಸ್ಕೂಟರಿನಲ್ಲಿ ಬಂದರು. ರೇಡಿಯೋಗಳು ಇಳಿದವು. ಗಡಿಯಾರ ಇಳಿಯಿತು. ಅದನ್ನು ನಮ್ಮ ಗಡಿಯಾರದ ಪಕ್ಕಕ್ಕೇ ನೇತುಹಾಕಿದೆವು. ನಮ್ಮದು ಐದು ಹೊಡೆಯಿತು, ಅವರದು ಮೂರು ಹೊಡೆಯಿತು. ಬೀಗರು ಖುಷಿಯಿಂದ, "ನಾಲ್ಕು ಗಂಟೆ, ಸರಿಯಾಗೈತೆ" ಅಂದರು.

ಕೊನೆಗೆ ಇಬ್ಬರು ಹಮಾಲಿಗಳು ಬೀಗರ ಸತ್ತ ಫ್ರಿಜ್ಜನ್ನು ಹೊತ್ತು ತಂದು ಹೊಸಿಲಿನ ಮುಂದೆ ಇಳಿಸಿದರು. ನಮ್ಮದಕ್ಕಿಂತ ಸಣ್ಣದು, ಬಾಗಿಲಲ್ಲಿ ಹಿಡಿಸುವಂಥದ್ದು. ನನ್ನ ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಳು. ಬೀಗರು ಅವಳ ಮುಖ ನೋಡಿ ನನ್ನ ಹಿಂದೆ ಸರಿದರು. ನಾನು ಬೀಗರ ಹಿಂದೆ ಸರಿದೆ. ಅವಳು ಫ್ರಿಜ್ಜಿನ ಬಾಗಿಲು ತೆರೆದಳು, ರಬ್ಬರು ಒತ್ತಿ ನೋಡಿದಳು, ಬೀಗ ತಿರುಗಿಸಿ ನೋಡಿದಳು.

"ಒಳಗೆ ತನ್ನಿ" ಅಂದಳು. "ನನ್ನ ಸೀರೆಗೆ ಜಾಗ ಸಾಲ್ತಿರಲಿಲ್ಲ."

ಅವಳು ದಾರಿ ಬಿಟ್ಟು ಪಕ್ಕಕ್ಕೆ ನಿಂತು, ಒಂಚೂರೂ ನಗದೆ ಬೀಗರಿಗೆ ಅಂದಳು:

"ಹಂಗೇ ಬೀಗ್ರೇ, ನಿಮ್ಮನೇಲಿ ಒಂದು ಹಳೇ ಬೀರು ಇದ್ರೆ ಕಳಿಸ್ಕೊಡಿ. ಮೊಸರು ಇಡೋಕೆ ಬೇಕಾಗಿತ್ತು."